ಕೊಲೆಗಾರನಿಗೆ ಒನ್ಸ್ ಮೋರ್

ಮೈ ಸುಳ್ಳ ಹೇಳೂದಿಲ್ಲ ಅಂತ ಯಾವ ಶಾಣ್ಯಾ ಹೇಳಿದ್ನೋ, ಅವನ್ನ ಒಮ್ಮೆ ನನ್ನ ಮುಂದ ತಂದು ನಿಂದರಸ್ರಿ. ಮೂವತ್ತೈದು ವರ್ಷ ಕಂಪನಿ ನಾಟಕದಾಗ ನಾಯಕಿ ಪಾರ್ಟ್ ಮಾಡೀನಿ. ದಿನಾ ಎರಡು ಶೋ. ದಿನಾ ಎರಡು ಸಲ ಗಂಡನ್ನ ಕಳಕೊಂಡು ಗೊಳೋ ಅಂತ ಅತ್ತೀನಿ. ಕಣ್ಣಾಗ ಖರೇ ನೀರು, ಎದಿ ಖರೇನ ಡವಡವ. ಮನಸ್ಸಿನ್ಯಾಗ ಏನಿರತಿತ್ತು ಗೊತ್ತೇನ್ರಿ? ಅಡಗಿ ಶಂಕ್ರವ್ವ ನನಗೊಂದೀಟು ಬದನಿಕಾಯಿ ಪಲ್ಯಾ ತಗದಿಟ್ಟಿರತಾಳೋ ಇಲ್ಲೋ ಅಂತ. ಮೈ ಸುಳ್ಳ ಹೇಳತೈತ್ರಿ. ನನ್ನ ಕಡಿಂದ ಸಂಬಳಾ ಕೊಟ್ಟು ಹೇಳಸತಿದ್ರು.

ನಾನು ಕುಮುದಾ ಗುಳೇದಗುಡ್ಡ. ನನ್ನ ಗಂಡ ಮುರಿಗೆಪ್ಪ ಮಾಸ್ತರು, ಅದೇ ಕಂಪನಿಯ ಖಳನಾಯಕ. ಅವರು ಪರದೆ ಸರಿಸಿ ಬರೀ ಒಂದು ಕಾಲು ಮುಂದಿಟ್ರ ಸಾಕು, ಹೆಣಮಕ್ಕಳು ಕೂಸುಗಳ ಮಾರಿ ಸೆರಗಿನ್ಯಾಗ ಮುಚ್ಚತಿದ್ರು. ಈಗ ಇಬ್ಬರೂ ಮುಪ್ಪಾಗಿ ಗದಗಿನ ಎರಡು ಖೋಲಿ ಮನಿಯೊಂದರಾಗ ಇದ್ದೀವಿ. ಮಾಸ್ತರು ಮುಂಜಾನೆ ಎದ್ದು ತುಳಸಿಗೆ ನೀರ ಹಾಕತಾರ, ಜಿರಳಿ ಕಂಡ್ರ ಅಂಜಿ ನನ್ನ ಕರೀತಾರ.

ಈಗ ಆ ಆಟದ ಮಾತು. ಹುಬ್ಬಳ್ಳ್ಯಾಗ ನೆರಳು ಸ್ಟುಡಿಯೋ ಅಂತ ಇತ್ತು. ಅವರು ಮಾಡಿದ ವಿಡಿಯೋ ಗೇಮ್ ‘ಕತ್ತಲ ಪಂಚನಾಮೆ’. ಆಡೋರು ಕಣ್ಣಿಗೆ ದಪ್ಪ ಕನ್ನಡಕ ಹಾಕ್ಕೋಬೇಕು, ಮುಂಗೈಗೆ ಒಂದು ಪಟ್ಟಿ ಕಟಗೋಬೇಕು. ಕನ್ನಡಕದಾಗ ಕೊಲೆ ಆದ ಜಾಗಾ ಕಾಣತೈತಿ. ಪೊಲೀಸ್ರಂಗ ಸುತ್ತಾಡಿ, ಆರೋಪಿಗಳನ್ನ ಮಾತಾಡಿಸಿ, ಕೊಲೆಗಾರನ್ನ ಹುಡಕಬೇಕು. ಆ ಪಟ್ಟಿ ನಿಮ್ಮ ನಾಡಿ, ಬೆವರು, ಉಸುರು ಎಲ್ಲಾ ಅಳೀತೈತಿ. ನೀವು ಯಾತಕ್ಕ ಅಂಜತೀರಿ ಅನ್ನೂದು ಆಟಕ್ಕ ತಿಳೀತಂದ್ರ ಮುಗೀತು, ಅದನ್ನ ತಂದು ನಿಮ್ಮ ಬೆನ್ನ ಹಿಂದ ನಿಂದರಸತೈತಿ. ಸಣ್ಣ ಖೋಲಿಗೆ ಅಂಜವರಿಗೆ ಗ್ವಾಡಿ ಹತ್ರ ಹತ್ರ ಬರತಾವು. ಹೆಜ್ಜಿ ಸಪ್ಪಳಕ್ಕ ಅಂಜವರಿಗೆ ಯಾರೋ ಮ್ಯಾಳಗಿ ಮ್ಯಾಲೆ ಅಡ್ಡಾಡತಾರ. ನಿಮ್ಮ ಅಂಜಿಕೀನ ತಗೊಂಡು ನಿಮಗ ಕಥೀ ಕಟ್ಟತೈತಿ.

ಇಷ್ಟಕ್ಕ ನಿಂತಿದ್ರ ಹುಡುಗ್ರ ಆಟ ಅಂತ ಬಿಡಬೌದಿತ್ತು. ಆದ್ರ ಸ್ಟುಡಿಯೋದವರು ಒಂದು ಕರಾಮತ್ತು ಮಾಡಿದ್ರು. ಕೊಲೆಗಾರ ಯಾರಂತ ಮೊದಲ ಗೊತ್ತಿದ್ದ ಹಳೇ ಕೇಸುಗಳನ್ನ ಆಟದಾಗ ಹಾಕಿ, ಅದರಾಗಿದ್ದ ಎಲ್ಲಾರ ಖರೇ ಮಾರಿ, ಖರೇ ದನಿ ಕೂಡಿಸಿ, ಲಕ್ಷಗಟ್ಟಲೆ ಮಂದಿಗೆ ಆಡಾಕ ಕೊಟ್ರು. ಯಾರ ಮುಂದ ಎಲ್ಲಾರ ಮೈ ನಡುಗತಿತ್ತೋ, ಹತ್ತರಾಗ ಒಂಬತ್ತು ಕೇಸಿನ್ಯಾಗ ಅಂವನ ಕೊಲೆಗಾರ ಇದ್ದ. ‘ಮನಸ್ಸಿಗೆ ತಿಳೀದಿದ್ರೂ ಮೈಗೆ ತಿಳೀತೈತಿ’ ಅಂತ ಜಾಹೀರಾತು ಹಾಕಿದ್ರು. ಅದಕ್ಕ ಮೈಸಾಕ್ಷಿ ಅಂತ ಹೆಸರಿಟ್ರು. ಸರಕಾರದವರು ಕುಣದಾಡಿ ಒಂದು ಮಂಡಳಿ ಮಾಡಿದ್ರು. ಬಗೆಹರೀಲಾರದ ಹಳೇ ಕೊಲೆಗಳನ್ನ ಆಟಕ್ಕ ಹಾಕೂದು, ಮೈಸಾಕ್ಷಿ ಯಾರ ಹೆಸರು ಹೇಳತೈತೋ ಅವರನ್ನ ಮಂಡಳಿ ಮುಂದ ಕರಸೂದು, ಅಲ್ಲಿಂದ ಪೊಲೀಸ್ರ ಕೈಗೆ ಕೊಡೂದು.

ಮಂದಿ ಸುಮ್ಮನಿರತಾರೇನ್ರಿ? ಬೀಗರು ವರನ ಮಾರಿ ಆಟಕ್ಕ ಹಾಕಿಸಿ ನೋಡಾಕ ಹತ್ತಿದ್ರು. ಬಾಡಿಗಿ ಮನಿ ಕೇಳಾಕ ಹೋದ್ರ ‘ಮೊದಲ ಮೈಸಾಕ್ಷಿ ಮಾಡಸ್ಕೊಂಡ ಬರ್ರಿ’ ಅಂತಿದ್ರು. ನಮ್ಮ ಓಣ್ಯಾಗ ಒಬ್ಬಾಕಿ ಅತ್ತಿ ಮಾರಿ ಹಾಕಿಸಿ ನೋಡಿ, ಎದಿ ಭಾಳ ಬಡಕೊಂತಂತ ಬ್ಯಾರೆ ಮನಿ ಮಾಡಿದಳು. ಹುಬ್ಬು ದಪ್ಪ ಇದ್ದವರ ಬಾಳೇ ಹೊಂಟೋತು.

ಅಂಥಾದ್ರಾಗ ನಮ್ಮ ಕಂಪನಿ ಮಾಲಕರ ಕೇಸು ಆಟಕ್ಕ ಬಿತ್ತು.

ಮೂವತ್ತು ವರ್ಷದ ಹಿಂದ ಸಿಂಧನೂರಾಗ ಕಂಪನಿ ಕ್ಯಾಂಪ್ ಇತ್ತು. ಒಂದು ಸೋಮವಾರ, ಶೋ ಇಲ್ಲದ ದಿವಸ, ಇಳಿಹೊತ್ತಿನ್ಯಾಗ ಮಾಲಕ ವಿರುಪಣ್ಣನವರು ಬಣ್ಣದ ಮನ್ಯಾಗ ಸತ್ತು ಬಿದ್ದಿದ್ರು. ಪರದೆ ಸುತ್ತೋ ಕಬ್ಬಿಣದ ರಾಡಿನಿಂದ ಯಾರೋ ತಲಿಗೆ ಹೊಡದಿದ್ರು. ಯಾರು ಹೊಡದ್ರೋ ನನಗ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದು: ಅವತ್ತು ಮುಂಜಾನೆ ಮಾಲಕರು ‘ಮುರಿಗೆಪ್ಪ, ನಿನಗ ವಯಸ್ಸಾತು, ಸಿನಿಮಾದಾಗಿನ ಒಬ್ಬ ಖಳನಾಯಕನ್ನ ಕರಸತೀನಿ’ ಅಂದಿದ್ರು. ನಮ್ಮ ಮಾಸ್ತರು ಎಲ್ಲಾರ ಮುಂದ ‘ನಿನ್ನ ಜೀವಾ ತಗೀತೀನಿ’ ಅಂತ ಒದರಿದ್ರು. ನಾಟಕದವರು ಸಿಟ್ಟಿನ್ಯಾಗ ಡೈಲಾಗ್ ಹೊಡಿಯೂದು ಹೊಸಾದೇನಲ್ಲ. ಆದ್ರ ಅವತ್ತ ಮಾಲಕರು ಖರೇನ ಸತ್ತಿದ್ರು.

ನೆರಳು ಸ್ಟುಡಿಯೋದ ಹುಡುಗ್ರು ನಮ್ಮನ್ನ ಹುಡಿಕ್ಕೊಂಡು ಬಂದಾಗ ಕೊಲೆ ಗಿಲೆ ಏನೂ ಹೇಳಲಿಲ್ಲ. ಕಂಪನಿಯ ಹಳೇ ಮಂದಿ ಅಂತ ಉಳದವರು ನಾವು ನಾಲ್ಕು ಜನ. ನಾವಿಬ್ಬರು, ಹಾರ್ಮೋನಿಯಂ ಬಾರಿಸೋ ಪೇಟಿ ಮಾಸ್ತರ ಗೋವಿಂದಪ್ಪ, ಮತ್ತ ಶಂಕ್ರವ್ವ. ಎಲ್ಲಾರಿಗೂ ಶಾಲು ಹೊದಿಸಿದ್ರು, ಹಾರ ಹಾಕಿದ್ರು. ‘ನಿಮ್ಮ ಕಲೆ ಉಳಸಬೇಕು, ನಿಮ್ಮ ಮಾರಿ ದನಿ ಎಲ್ಲಾ ತಗೋತೀವಿ’ ಅಂದ್ರು. ಸುತ್ತಲೂ ಕ್ಯಾಮೆರಾ ಇದ್ದ ಒಂದು ಖೋಲ್ಯಾಗ ಒಬ್ಬೊಬ್ಬರನ್ನ ನಿಂದರಿಸಿದ್ರು.

ಗೋವಿಂದಪ್ಪ ಸನ್ಮಾನದ ಫೋಟೋಕ್ಕ ನಿಂತಂಗ ಬಿಗದು ನಿಂತ. ಶಂಕ್ರವ್ವ ನಾಚಿ ನೆಲಾ ನೋಡಿದಳು. ನಾನೂ ಸೆರಗ ಹೊತಗೊಂಡು ಗರತಿ ಹಂಗ ನಿಂತೆ. ಆದ್ರ ನಮ್ಮ ಮಾಸ್ತರು? ‘ಮಾಸ್ತರ, ನಡೀರಿ, ಮಾತಾಡ್ರಿ’ ಅಂತ ಆ ಹುಡುಗ ಅಂದದ್ದ ತಡಾ. ಹದಿನೈದು ವರ್ಷ ಆಗಿತ್ತು ಅವರಿಗೆ ಯಾರೂ ಹಂಗ ಹೇಳಿ. ಭುಜಾ ಏರಿತು, ಹುಬ್ಬು ಏರಿತು, ಆ ಹಳೇ ನಡಗಿ ಬಂತು, ಆ ಅಟ್ಟಹಾಸ ಬಂತು. ಖೋಲಿ ಗ್ವಾಡಿ ನಡಗಿದ್ವು. ಕ್ಯಾಮೆರಾ ಹಿಡದ ಹುಡುಗ ಎರಡ ಹೆಜ್ಜಿ ಹಿಂದ ಸರದ. ಮಾಸ್ತರು ಹೊರಗ ಬಂದು ‘ಹೆಂಗಿತ್ತು?’ ಅಂತ ನನ್ನ ಕೇಳಿದ್ರು. ‘ಭೇಷ್’ ಅಂದೆ. ನನ್ನ ನಾಲಗಿ ಸೇದಿ ಹೋಗಲಿ.

ಆಟ ಹೊರಗ ಬಂದು ಎಂಟು ದಿವಸದಾಗ ಮೈಸಾಕ್ಷಿ ಬಂತು. ನೂರು ಮಂದ್ಯಾಗ ತೊಂಬತ್ತು ಮಂದಿ ಮೈ ಮುರಿಗೆಪ್ಪ ಮಾಸ್ತರನ್ನ ತೋರಿಸಿತ್ತು.

ಮೊದಲ ಎರಡು ದಿವಸ ಮಾಸ್ತರು ಹಿಗ್ಗಿ ಹೀರೇಕಾಯಿ ಆಗಿದ್ರು. ‘ನೋಡು ಕುಮುದಾ, ಈ ವಯಸ್ಸಿನ್ಯಾಗೂ ಇಡೀ ರಾಜ್ಯ ಅಂಜತೈತಿ ನನಗ!’ ಅಂತ ಮೀಸಿ ತಿರವಿದ್ರು. ಮೂರನೇ ದಿವಸ ಕಾಯಿಪಲ್ಯಾ ಮಾರೋ ಹುಸೇನಬಿ, ಇಪ್ಪತ್ತು ವರ್ಷದ ಗುರತಿನಾಕಿ, ಮೆಂತೇಪಲ್ಯಾ ಅವರ ಕೈಯಾಗ ಕೊಡಲಿಲ್ಲ, ನೆಲದ ಮ್ಯಾಲೆ ಇಟ್ಟಳು. ಓಣಿ ಹುಡುಗ್ರು ನಮ್ಮ ಬಾಗಲದ ಮುಂದ ಬಂದಾಗ ಉಸುರು ಬಿಗಿ ಹಿಡದು ಓಡತಿದ್ರು. ಹಾಲಿನವ ಚರಗಿ ಕಟ್ಟಿ ಮ್ಯಾಲೆ ಇಟ್ಟು ಗಂಟಿ ಬಾರಿಸಿ ಹೋಗತಿದ್ದ. ಅದರ ಬೆನ್ನ ಹಿಂದ ಮಂಡಳಿಯ ಕರೆ ಬಂತು. ಬರೂ ಸೋಮವಾರ ಹಾಜರಾಗಬೇಕು.

ಮಾಸ್ತರು ಹಟಾ ಹಿಡದ್ರು. ‘ನಾನೂ ಆ ಆಟ ಆಡಿ ನೋಡತೀನಿ.’ ಬ್ಯಾಡ ಅಂದೆ. ಕೇಳೂ ಪೈಕಿ ಏನು? ಬಜಾರದಾಗಿನ ಗೇಮ್ ಅಂಗಡಿಗೆ ಹೋಗಿ ಕನ್ನಡಕ ಹಾಕ್ಕೊಂಡು ಪಟ್ಟಿ ಕಟಗೊಂಡು ಕುಂತ್ರು. ನಾನು ಬಾಜೂಕ ಕುಂತೆ. ಅವರ ಬಲಗೈ ಏನೋ ಹಿಡದಂಗ ಮುಷ್ಟಿ ಆತು, ಮ್ಯಾಲೆ ಎದ್ದಿತು. ‘ರೀ, ಸಾಕ್ರಿ’ ಅಂತ ನಾನ ಕನ್ನಡಕ ಕಿತ್ತು ತಗದೆ. ಅವರ ಕಣ್ಣು ನನ್ನ ನೋಡತಿದ್ದಿಲ್ಲ.

ಮನಿಗೆ ಬಂದು ಚಾ ಕೊಟ್ಟೆ. ಬಟ್ಟಲಾ ಮುಟ್ಟಲಿಲ್ಲ.

‘ಬಣ್ಣದ ಮನಿ ಇತ್ತು ಕುಮುದಾ. ಅದೇ ಕನ್ನಡಿ. ಮಾಲಕರು ಬೆನ್ನ ಮಾಡಿ ಕುಂತಿದ್ರು. ಕನ್ನಡ್ಯಾಗ ನೋಡಿದ್ರ ನಂದೇ ಮಾರಿ. ರಾಡಿನ ಭಾರ ಈ ಕೈಗೆ ಗೊತ್ತೈತಿ. ಗೊತ್ತಿಲ್ಲದ ಭಾರ ಕೈಗೆ ಹೆಂಗ ನೆಪ್ಪಾಗತೈತಿ?’

‘ದಿನಾ ಎರಡು ಶೋದಾಗ ಕಟಗಿ ಗದಾ ಹಿಡದು ಮಂದೀನ ಕೊಂದೀರಿ. ನೆಪ್ಪಿರದ ಏನು?’

‘ಹಂಗಾರ ಅವತ್ತ ನಾ ಎಲ್ಲಿದ್ದೆ? ಸಿನಿಮಾಕ್ಕ ಹೋಗಿದ್ದೆ ಅಂತ ಪೊಲೀಸ್ರಿಗೆ ಹೇಳೀನಿ. ಆಟದಾಗ ತೋರಸ್ಯಾರ, ಅವತ್ತ ಟಾಕೀಸು ಬಂದ್ ಇತ್ತು. ನಾ ಸಿನಿಮಾದಾಗ ಇದ್ದಿಲ್ಲ. ಮತ್ತೆಲ್ಲಿದ್ದೆ?’

‘ಆ ಹೊತ್ತಿಗೆ ನನ್ನ ಕೂಡ ಹಲ್ಲಿನ ಡಾಕ್ಟರ ಕಡೆ ಇದ್ರಿ!’ ಅಂತ ಒದರಿದೆ. ‘ನನ್ನ ದವಡಿ ಹಲ್ಲು ಕೀಳಿಸಾಕ ಹೋಗಿದ್ವಿ. ಡಾಕ್ಟರ್ ಹಲ್ಲ ಕಿತ್ತು ಹೊರಗ ತಗದ್ರು, ರಕ್ತಾ ಬಂತು, ನೀವು ಧಪ್ಪಂತ ಬಿದ್ರಿ! ಖಳನಾಯಕ ರಕ್ತಾ ನೋಡಿ ಬಿದ್ದ ಅಂತ ಗೊತ್ತಾದ್ರ ಯಾವ ಮಾಲಕ ಪಾರ್ಟ್ ಕೊಡತಾನ ಅಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡು, ಪೊಲೀಸ್ರಿಗೆ ಸಿನಿಮಾ ಅಂತ ಸುಳ್ಳ ಹೇಳಿದ್ರಿ. ಆಣಿ ಪಾಣಿ ಹಾಳಾಗಿ ಹೋಗಲಿ, ಈಗ ಹೇಳತೀನಿ.’

ಮಾಸ್ತರು ನನ್ನ ದಿಟ್ಟಿಸಿ ನೋಡಿದ್ರು. ಮೂವತ್ತು ವರ್ಷ ಆ ಸಿನಿಮಾದ ಸುಳ್ಳ ಹೇಳಿ ಹೇಳಿ, ಯಾವ ಹಾಡಿತ್ತು, ಯಾರು ಬಾಜೂಕ ಕುಂತಿದ್ರು ಅಂತ ಬಣ್ಣಾ ಹಚ್ಚಿ ಹಚ್ಚಿ, ಖರೇದು ಅಳಸಿ ಹೋಗಿತ್ತು. ಈಗ ಸಿನಿಮಾ ಕಿತ್ತು ಹೋಗಿ ಆ ಜಾಗಾ ಖಾಲಿ ಬಿದ್ದಿತ್ತು. ಖಾಲಿ ಜಾಗಾದಾಗ ಆ ಹಾಳ ಆಟ ಬಂದು ಕುಂತಿತ್ತು.

‘ನೀ ನನ್ನ ಹೆಂಡ್ತಿ, ನನ್ನ ಉಳಸಾಕ ಹೇಳತಿ’ ಅಂದ್ರು. ‘ಡಾಕ್ಟರ್ ತೀರಿಕೊಂಡಾರ, ಕೇಳಾಕ ಯಾರೂ ಇಲ್ಲ. ಲಕ್ಷ ಮಂದಿ ಮೈ ಸುಳ್ಳ ಹೇಳತಾವೇನು? ಸೋಮವಾರ ಮಂಡಳಿ ಮುಂದ ಒಪಗೊಂಡ ಬಿಡತೀನಿ. ಮಾಡಿದವ ಒಪಗೋಬೇಕು.’

ನೋಡ್ರಿ, ಮಾಸ್ತರು ಜೇಲಿಗೆ ಹೋಗತಾರ ಅನ್ನೂ ದುಃಖಕ್ಕಿಂತ ಇದು ದೊಡ್ಡದಿತ್ತು ನನಗ. ಇರಿವಿ ತುಳೀಲಾರದ ಮನಷ್ಯಾ ತಾನು ಕೊಲೆಗಾರ ಅಂತ ನಂಬಿ ಸಾಯಬೇಕೇನು? ಮರುದಿವಸ ಶಂಕ್ರವ್ವನ್ನ ಅವರ ಕಡೆ ಬಿಟ್ಟು ಹುಬ್ಬಳ್ಳಿ ಬಸ್ಸು ಹತ್ತಿದೆ.

ನೆರಳು ಸ್ಟುಡಿಯೋದಾಗ ನನಗ ಸಿಕ್ಕಾಕಿ ವಿಭಾ ನಾಡಗೌಡ, ಆ ಮೈಸಾಕ್ಷಿ ಲೆಕ್ಕಾ ಬರದ ಎಂಜಿನಿಯರ್. ಮೂವತ್ತರ ಆಸುಪಾಸಿನ ಹುಡುಗಿ. ಗೇಟಿನ್ಯಾಗ ತಡದವರನ್ನ ನಾನು ಬೈದದ್ದು ಕೇಳಿ ತಾನ ಇಳದು ಬಂದಿದ್ದಳು. ತಣ್ಣಗಿದ್ದ ದೊಡ್ಡ ಖೋಲಿಗೆ ಕರಕೊಂಡು ಹೋದಳು. ಗ್ವಾಡಿ ತುಂಬ ಪರದೆ, ಪರದೆ ತುಂಬ ಕುಣಿಯೋ ಗೆರಿಗಳು.

‘ಅಮ್ಮಾ, ನಾವು ಯಾರ ಮ್ಯಾಲೂ ಹೊಟ್ಟಿಕಿಚ್ಚಿಂದ ಮಾಡಿಲ್ಲರಿ’ ಅಂದಳು. ‘ನೋಡ್ರಿ ಬೇಕಾದ್ರ. ಇದು ಆಡೋರ ಎದಿ ಬಡಿತ. ಗೋವಿಂದಪ್ಪ ಮಾಸ್ತರ ಬಂದಾಗ ಹಿಂಗ, ಸಪಾಟ. ನಿಮ್ಮ ಮುಂದೂ ಸಪಾಟ. ಮುರಿಗೆಪ್ಪನವರು ಬಾಗಲದಾಗ ಬಂದ್ರು, ನೋಡ್ರಿ.’

ಗೆರಿ ಗುಡ್ಡಾ ಹತ್ತಿದಂಗ ಮ್ಯಾಲೆ ಹೋತು.

‘ಆಮ್ಯಾಲೆ ಏನ ಮಾಡತಾರ ಆಡೋರು?’

‘ಅಂದ್ರ?’

‘ಮಾಸ್ತರನ್ನ ಮಾತಾಡಿಸಿ ಮುಗಿದ ಮ್ಯಾಲೆ ಎಲ್ಲಿ ಹೋಗತಾರ?’

ವಿಭಾ ಏನೇನೋ ಒತ್ತಿದಳು. ನೋಡಿದಳು. ಹುಬ್ಬು ಗಂಟಿಕ್ಕಿದಳು. ‘ಹೊಳ್ಳಿ ಅವರ ಕಡೇನ ಹೋಗತಾರ. ಭಾಳ ಮಂದಿ. ಮೂರ ಮೂರ ಸಲ, ನಾಕ ನಾಕ ಸಲ.’

‘ಯವ್ವಾ, ನಾಗರಹಾವು ಕಂಡವರು ಯಾರರ ನಾಕ ಸಲ ಹೊಳ್ಳಿ ಹೋಗಿ ನೋಡತಾರೇನು? ಕೇಳು. ಒಂದು ನಾಟಕದಾಗ ಮಾಸ್ತರು ನನ್ನ ಕುತಗಿ ಹಿಚುಕೋ ಸೀನು ಇತ್ತು. ಜನಾ ಎದಿ ಹಿಡಕೊಂಡು, ಬೆವರಿ, ಥೂ ಪಾಪಿ ಅಂತ ಬೈದು, ನಾ ಸತ್ತು ಬಿದ್ದ ಕೂಡಲೆ ಏನ ಮಾಡತಿದ್ರು ಗೊತ್ತೇನು? ಒನ್ಸ್ ಮೋರ್! ಸೀಟಿ, ಚಪ್ಪಾಳಿ, ಒನ್ಸ್ ಮೋರ್! ಸತ್ತಾಕಿ ನಾನು ಸೀರಿ ಝಾಡಿಸಿಕೊಂಡು ಎದ್ದು, ಹೊಳ್ಳಿ ಕುತಗಿ ಕೊಡತಿದ್ದೆ. ಸಿಂಧನೂರಾಗ ಒಂದ ಶೋದಾಗ ಮೂರು ಸಲ ಸತ್ತೀನಿ. ಅದು ಅಂಜಿಕಿ ಅಲ್ಲ, ಖುಷಿ. ಅಂಜಿದವರದೂ ಖುಷಿ ಪಟ್ಟವರದೂ ಎದಿ ಒಂದ ನಮೂನಿ ಬಡಕೊಂತೈತಿ. ನಿನ್ನ ಮಷಿನ್ನಿನ್ಯಾಗ ಎರಡಕ್ಕೂ ಬ್ಯಾರೆ ಬ್ಯಾರೆ ಹೆಸರು ಕೊಟ್ಟೀ ಏನು?’

ವಿಭಾ ತಲಿ ಅಲ್ಲಾಡಿಸಿದಳು. ‘ಇಲ್ಲ’ ಅಂದಳು. ‘ಒಂದ ಹೆಸರು, ಭಯ. ಉಳಿದ ಕೇಸಿನ್ಯಾಗ ಇದ್ದವರು ಯಾರೂ ನಟರಾಗಿದ್ದಿಲ್ಲ. ತಮ್ಮಂಗ ತಾವು ನಿಂತಿದ್ರು.’ ಆಮ್ಯಾಲೆ ದನಿ ಇಳಿಸಿದಳು. ‘ಆದ್ರ ನಾ ಇದನ್ನ ಹೇಳಿದ್ರ ಮಂಡಳಿ ಕೇಳೂದಿಲ್ಲರಿ. ಅದು ನಿಮ್ಮ ಅಭಿಪ್ರಾಯ ಅಂತಾರ. ಅವರಿಗೆ ಗೆರಿ ಬೇಕು.’

‘ಗೆರಿ ಬೇಕೇನು? ಕೊಡತೀನಿ ತಡಿ. ನನ್ನ ಮಾರಿ ದನಿ ಇನ್ನೊಮ್ಮೆ ತಗೊಳ್ಳಾಕ ಬರತೈತೋ ಇಲ್ಲೋ?’

‘ವಿಚಾರಣೆ ಮುಗಿಯೂತನಾ ತಗೋಬೌದು. ಯಾಕ್ರಿ?’

‘ಕ್ಯಾಮೆರಾ ಹಚ್ಚು.’

ಒಂದು ಕುರ್ಚಿ ಕೇಳಿದೆ, ಒಂದು ಹಣಗಿ ಕೇಳಿದೆ. ಕೂದಲಾ ಬಿಚ್ಚಿದೆ. ಅಂಜಸಾಕ ಒದರಬೇಕು ಅಂತ ಹೊಸಬರು ತಿಳೀತಾರ. ಒದರಬಾರದು, ತಡಾ ಮಾಡಬೇಕು. ಮೆಲ್ಲಕ ಕೂದಲಾ ಹಿಕ್ಕೊಂತ ಕುಂತೆ, ಕಣ್ಣು ಮಿಟಕಿಸದ. ಎದುರಿನವನಿಗೆ ಇನ್ನೇನು ಹೇಳತಾಳ ಅನ್ನಿಸಿದಾಗ ಹೇಳಲಿಲ್ಲ. ಮತ್ತ ಹಿಕ್ಕಿದೆ. ಆಮ್ಯಾಲೆ ಸ್ವಂತ ಮಗನ್ನ ಕೇಳಿದಂಗ ಕೇಳಿದೆ, ‘ಊಟಾ ಆತೇನಪಾ?’ ಎದ್ದು ಹತ್ರ ಹೋದೆ. ಇಲ್ಲದ ಕಾಲರ್ ಸರಿ ಮಾಡಿದೆ, ಭುಜದ ಮ್ಯಾಲಿನ ಇಲ್ಲದ ಧೂಳಾ ಝಾಡಿಸಿದೆ. ‘ಮಾಲಕರೂ ಹಿಂಗ ನಿಂತಿದ್ರು ನೋಡು’ ಅಂದೆ. ನಕ್ಕೆ. ನಾಯಕಿ ನಗು, ಗರತಿ ನಗು.

ಹೊಳ್ಳಿ ನೋಡಿದೆ. ವಿಭಾ ಕೈಗೆ ಪಟ್ಟಿ ಕಟಗೊಂಡಿದ್ದಳು. ಪರದೆ ಮ್ಯಾಲೆ ಅವಳ ಗೆರಿ ಮ್ಯಾಲಿನ ಅಂಚು ಮುಟ್ಟಿತ್ತು.

‘ಅಮ್ಮಾ, ಇದನ್ನ ಆಟದಾಗ ಹಾಕಿದ್ರ ನಿಮ್ಮ ಮ್ಯಾಲೆ ಬರತೈತಿ’ ಅಂದಳು.

‘ಬರಲಿ. ಅದಕ್ಕ ಬಂದೀನಿ.’

‘ನಿಮ್ಮನ್ನ ಒಳಗ ಹಾಕಿದ್ರ?’

‘ನಾ ಕೊಂದಿಲ್ಲ ಅಂತ ನನಗ ಗೊತ್ತೈತಿ. ಯಾವ ಆಟ ಬಂದ್ರೂ ನನ್ನ ನಂಬಸಾಕ ಆಗೂದಿಲ್ಲ. ನಮ್ಮ ಮನ್ಯಾಗಿನ ಮನಷ್ಯಾಗ ಆ ಗಟ್ಟಿತನ ಉಳದಿಲ್ಲ. ಅವರ ಬಾಯಿಂದ ಆ ಸುಳ್ಳ ಬರಬಾರದು. ಹಾಕು.’

ಹಾಕಿದಳು. ಶನಿವಾರ ಹಾಕಿದ್ದು, ರವಿವಾರ ಸಂಜಿಕ ಇಡೀ ರಾಜ್ಯದ ಮೈ ನನ್ನ ಹೆಸರು ಹೇಳತಿತ್ತು. ಹುಸೇನಬಿ ಈಗ ನನಗ ಕೊತಂಬ್ರಿ ಎಸದು ಕೊಟ್ಟಳು. ‘ಏ ಹುಸೇನಬಿ, ಶನಿವಾರ ನನ್ನ ಗಂಡ ಕೊಲೆಗಾರ, ರವಿವಾರ ನಾನು. ಮಂಗಳವಾರ ನಿನ್ನ ಪಾಳಿ ನೋಡು!’ ಅಂದೆ. ಆಕಿ ತಕ್ಕಡಿ ಬಿಟ್ಟು ಎದ್ದು ನಿಂತಳು. ನನಗ ನಗು ಬಂತು. ಮನಿಗೆ ಬಂದು ಬಾಗಲಾ ಹಾಕ್ಕೊಂಡ ಮ್ಯಾಲೆ ಅಳು ಬಂತು. ಇದು ಕ್ಯಾಮೆರಾಕ್ಕ ಅತ್ತದ್ದಲ್ಲ.

ಮಾಸ್ತರಿಗೆ ನಾನು ಏನೂ ಹೇಳಲಿಲ್ಲ. ಹೇಳಿದ್ರೂ ಅವರು ಕೇಳೂ ಸ್ಥಿತ್ಯಾಗ ಇದ್ದಿಲ್ಲ. ಇಡೀ ದಿವಸ ತಮ್ಮ ಬಲಗೈ ನೋಡಿಕೊಂತ ಕುಂತಿರತಿದ್ರು. ತುಳಸಿ ಬಾಡಿತ್ತು.

ಸೋಮವಾರ ಮುಂಜಾನೆ ಹುಬ್ಬಳ್ಳ್ಯಾಗ ಮಂಡಳಿ ಕೂಡಿತು. ದೊಡ್ಡ ಹಾಲ್. ಮುಂದ ಅಧ್ಯಕ್ಷ ಹಿರೇಗೌಡ್ರು, ನಿವೃತ್ತ ಅಧಿಕಾರಿ, ಬಿಳೇ ಮೀಸಿ. ಒಂದು ಬಾಜೂಕ ಬರಕೊಳ್ಳೋ ಗುಮಾಸ್ತ. ಇನ್ನೊಂದು ಬಾಜೂಕ ವಿಭಾ, ತನ್ನ ಮಷಿನ್ನು ಇಟಗೊಂಡು. ಹಿಂದ ಟಿವಿಯವರು, ನೋಡಾಕ ಬಂದ ಮಂದಿ. ಮಾಸ್ತರು ತೊಳದ ಧೋತ್ರಾ ಉಟಗೊಂಡು ಕುರ್ಚಿ ಅಂಚಿಗೆ ಕುಂತಿದ್ರು. ಒಪಗೊಳ್ಳೋ ಮಾತು ಅವರ ತುಟಿ ಮ್ಯಾಲೆ ತಯಾರಾಗಿತ್ತು. ತಾಲೀಮಿನ್ಯಾಗ ಡೈಲಾಗ್ ಉರು ಹೊಡದಂಗ ಗುನುಗತಿದ್ರು. ಅವರು ಎದ್ದು ಆ ಮಾತು ಆಡಿಬಿಟ್ರ, ನನ್ನ ಆಟ ಗೀಟ ಎಲ್ಲಾ ನೀರಾಗ ಹೋಮ.

ವಿಭಾ ಮೊದಲ ಎದ್ದು ನಿಂತು ಹೇಳಿದಳು: ‘ಸರ್, ಆರೋಪಿ ನಟನೆ ಮಾಡಿದ್ರ ಮೈಸಾಕ್ಷಿ ಬದಲಾಗತೈತಿ. ಎರಡ ದಿವಸದಾಗ ಬದಲಾಗೇತಿ. ಈ ಕೇಸಿನ್ಯಾಗ ಇದನ್ನ ನಂಬಬಾರದು. ನಾನ ಬರದ ಲೆಕ್ಕಾ, ನಾನ ಹೇಳಾಕತ್ತೀನಿ.’ ಅವಳ ಸ್ಟುಡಿಯೋದ ಮಾಲಕ ಹಿಂದಿನ ಸಾಲಿನ್ಯಾಗ ಕುಂತು ಕಣ್ಣು ಕೆಂಪಗ ಮಾಡಿದ. ಹುಡುಗಿ ಹಿಂದ ಹೊಳ್ಳಿ ನೋಡಲಿಲ್ಲ. ಭಲೆ ಅಂದೆ ಮನಸ್ಸಿನ್ಯಾಗ.

ಹಿರೇಗೌಡ್ರು ಕನ್ನಡಕ ಸರಿ ಮಾಡಿಕೊಂಡ್ರು. ‘ಅದು ನಿಮ್ಮ ಅಭಿಪ್ರಾಯ. ಮಂಡಳಿ ಮುಂದೆ ಇರೋದು ಇತ್ತೀಚಿನ ಮೈಸಾಕ್ಷಿ. ಅದರ ಪ್ರಕಾರ ಆರೋಪಿ ಮುರಿಗೆಪ್ಪ ಅಲ್ಲ, ಅವರ ಹೆಂಡತಿ ಕುಮುದಾ. ಕುಮುದಾ ಅವರೇ, ಮುಂದೆ ಬನ್ನಿ.’

ನಾನು ಎದ್ದೆ. ಹಿಂದ ಕುಂತ ಮಂದಿ ಗುಸುಗುಸು ಅಂದ್ರು. ಯಾರೋ ಒಬ್ಬಾಕಿ ‘ಅಯ್ಯ ಶಿವನ, ನೋಡು ಹೆಂಗ ನಡೀತಾಳ’ ಅಂದಳು.

‘ಏನಂದ್ರಿ?’

ಮಾಸ್ತರ ದನಿ. ಸ್ಟೇಜಿನ ದನಿ ಅಲ್ಲ, ಗಂಟಲಾ ಒಡದ ಮುದುಕನ ದನಿ. ಎದ್ದು ನಿಂತಿದ್ರು.

‘ಇಕಿ ಕೊಂದಳು ಅಂದ್ರೇನು? ಯಾವ ಬೋಳಿಮಗಾ ಅಂದಾಂವ?’

‘ಕೂತ್ಕೊಳ್ಳಿ ಮುರಿಗೆಪ್ಪನವರೇ’ ಅಂದ್ರು ಹಿರೇಗೌಡ್ರು. ‘ಮೈಸಾಕ್ಷಿ ಹೇಳುತ್ತೆ.’

‘ಮೈಸಾಕ್ಷಿ ತಲಿ! ಇಕಿ ಅಲ್ಲಿ ಇದ್ದೇ ಇಲ್ಲ! ಇಕಿ ಹಲ್ಲ ಕೀಳಿಸಾಕ ಹೋಗಿದ್ದಳು!’

‘ನಿಮಗೆ ಹೇಗೆ ಗೊತ್ತು?’

‘ಹೆಂಗ ಗೊತ್ತು? ನಾ ಕೈ ಹಿಡಕೊಂಡು ನಿಂತಿದ್ದೆನಲ್ಲ!’

ಮಾಸ್ತರು ತಮ್ಮ ಮಾತು ತಾವ ಕೇಳಿಸಿಕೊಂಡವರಂಗ ಬಾಯಿ ತಗದು ನಿಂತ್ರು. ಈಗ ಯಾರೂ ಮಾತಾಡಬಾರದು, ಯಾರೂ ಕೆಮ್ಮಬಾರದು ಅಂತ ದೇವರನ್ನ ಬೇಡಿಕೊಂಡೆ.

‘ಸ್ಟೇಶನ್ ರೋಡಿನ್ಯಾಗ, ಮ್ಯಾಳಗಿ ಮ್ಯಾಲೆ’ ಅಂದ್ರು, ಮೆಲ್ಲಕ. ‘ಕಟಗಿ ಮೆಟ್ಟಲಾ. ಇಕಿ ನನ್ನ ಬೆರಳಾ ಮುರಿಯೂವಂಗ ಹಿಡದಿದ್ದಳು. ಡಾಕ್ಟರ್ ಹಲ್ಲ ತಗದು ತೋರಿಸಿದ್ರು. ರಕ್ತಾ... ನಾನು ಬಿದ್ದೆ. ಎಚ್ಚರಾದಾಗ ಇಕಿ ಬಾಯಾಗ ಹತ್ತಿ ತುರುಕ್ಕೊಂಡು ನನ್ನ ಬೈಯಾಕ ಹತ್ತಿದ್ದಳು. ಒಂದ ಮಾತೂ ತಿಳೀವಲ್ದು. ವವ್ವ ವವ್ವ ಅಂತಿದ್ದಳು. ಕಂಪೌಂಡರ್ ಬಿದ್ದು ಬಿದ್ದು ನಗತಿದ್ದ. ಡಾಕ್ಟರ್ ಅಂದ್ರು, ಹಲ್ಲ ಕಿತ್ತದ್ದು ಯಾರಿಗೆ ಮಾರಾಯ್ರ, ನೀವು ಕುರ್ಚಿ ಮ್ಯಾಲೆ ಕುಂದರ್ರಿ, ಆಕಿ ನೆಲಕ್ಕ ಕುಂದರಲಿ ಅಂತ.’

ಎವ್ವಾ! ಡಾಕ್ಟರ್ ಆಡಿದ ಆ ಮಾತು ನಾನು ಅವರಿಗೆ ಹೇಳಿದ್ದಿಲ್ಲ. ನನಗೇ ಮರತು ಹೋಗಿತ್ತು. ಈಗ ಅವರು ಅಂದ ಕೂಡಲೆ ಆ ಖೋಲಿಯ ಲವಂಗದೆಣ್ಣಿ ವಾಸನಿ ಸಮೇತ ಬಂತು. ಅದು ನಾ ಬರದು ಕೊಟ್ಟ ಡೈಲಾಗ್ ಅಲ್ಲ, ಯಾವ ಆಟದವರು ಹಾಕಿದ್ದೂ ಅಲ್ಲ. ಅವರ ಸ್ವಂತದ್ದು.

‘ಆದರೆ ಪೊಲೀಸರಿಗೆ ಸಿನಿಮಾಕ್ಕೆ ಹೋಗಿದ್ದೆ ಅಂದಿದ್ದೀರಿ’ ಅಂದ್ರು ಹಿರೇಗೌಡ್ರು.

‘ಸುಳ್ಳ ಹೇಳಿದ್ದೆ. ಖಳನಾಯಕರಿ ನಾನು. ರಕ್ತಾ ನೋಡಿ ಬಿದ್ದೆ ಅಂತ ಹೆಂಗ ಹೇಳಲಿ? ಊರು ನಗತಿತ್ತು. ನಗಲಿ. ಈಗ ನಗಲಿ ಎಲ್ಲಾರೂ. ಟಿವಿಯವರ, ತಗೋರಿ, ಛಲೋತ್ನಾಗ ತಗೋರಿ. ಮುರಿಗೆಪ್ಪ ರಕ್ತಾ ನೋಡಿದ್ರ ಬೀಳತಾನ! ಈ ಕೈ ಯಾರನ್ನೂ ಕೊಂದಿಲ್ಲ. ಇಕಿನೂ ಕೊಂದಿಲ್ಲ. ಇಕಿ ಇಲ್ಲಿದ್ದಳು, ನಾನು ಇಲ್ಲಿದ್ದೆ.’ ಎರಡೂ ಕೈಯಿಂದ ಆ ಇಲ್ಲದ ಕುರ್ಚಿ ತೋರಿಸಿದ್ರು.

ಹಿಂದ ಯಾರೋ ನಕ್ಕರು. ಮಾಸ್ತರು ಅವರ ಕಡೆ ಹೊಳ್ಳಿ ಕೈ ಮುಗದ್ರು.

ಹಿರೇಗೌಡ್ರು ಗುಮಾಸ್ತನ ಮುಂದಿದ್ದ ಪಟ್ಟಿ ಕಡೆ ಬೆರಳು ಮಾಡಿದ್ರು. ‘ಸರಿ. ಹಾಗಾದರೆ ಈ ಪಟ್ಟಿ ಕಟ್ಟಿಕೊಂಡು ಇದೇ ಮಾತು ಇನ್ನೊಮ್ಮೆ ಹೇಳಿ. ಮೈ ಏನು ಹೇಳುತ್ತೆ ನೋಡೋಣ.’

ಗುಮಾಸ್ತ ಪಟ್ಟಿ ತಗೊಂಡು ಎದ್ದ. ನಾನು ಮುಂದ ಹೋಗಿ ಅವನ ಕೈ ಹಿಡದೆ. ಮಾಸ್ತರು ನನ್ನ ಬದಿಗೆ ಸರಿಸಿದ್ರು.

‘ಇಲ್ಲರಿ’ ಅಂದ್ರು. ‘ಕಟಗೊಳ್ಳೂದಿಲ್ಲ. ನನ್ನ ಮೈ ಕೇಳಬ್ಯಾಡ್ರಿ, ನನ್ನ ಕೇಳ್ರಿ. ಕೇಳಿದ್ರಿ, ನಾ ಹೇಳೀನಿ. ಈಗ ಅದನ್ನ ಬರಕೋರಿ.’

ಗುಮಾಸ್ತ ಅಧ್ಯಕ್ಷರ ಮಾರಿ ನೋಡಿದ. ಅಧ್ಯಕ್ಷರು ವಿಭಾನ ಮಾರಿ ನೋಡಿದ್ರು. ವಿಭಾ ಕೈ ಚಾಚಿ ತನ್ನ ಮ್ಯಾಜಿನ ಮ್ಯಾಲಿನ ಮಷಿನ್ನು ಬಂದ್ ಮಾಡಿದಳು. ಗೆರಿ ನಿಂತ್ವು. ಕಡೀಕ ಗುಮಾಸ್ತ ಪಟ್ಟಿ ಕೆಳಗಿಟ್ಟು ಪೆನ್ನು ತಗೊಂಡ. ‘ಮೊದಲಿಂದ ಹೇಳ್ರಿ ಅಜ್ಜಾರ’ ಅಂದ.

ಮಾಸ್ತರು ಹೇಳಾಕ ಹತ್ತಿದ್ರು. ನಾನು ಅವರ ಬಲಗೈ ಹಿಡಕೊಂಡೆ. ಅದು ತಣ್ಣಗ ಬೆವತು ಥರಥರ ನಡಗತಿತ್ತು, ನಾಡಿ ಕುದರಿ ಓಡಿದಂಗ ಓಡತಿತ್ತು. ಆ ಪಟ್ಟಿ ಕಟ್ಟಿದ್ರ ಇಂವನ ಕೊಲೆಗಾರ ಅಂತಿತ್ತು ಅದು. ಕಟ್ಟಾಕ ಬಿಡಲಿಲ್ಲ ನಾವು.